ರುದ್ರಸ್ವಾಮಿ ಹುಣಸೂರಲ್ಲಿ ಮಾಡಿಸಿದ ಸೈಟು

ಮಿರ್ಲೆ ದಾಟಿ ಸಾಲಿಗ್ರಾಮದ ಕಡೆಗೆ ಸ್ವಲ್ಪ ದೂರ ಹೋದರೆ ಕಬ್ಬಿನ ಗದ್ದೆಗಳ ನಡುವೆ ಹೊಗೆ ಏಳುವುದು ಕಾಣುತ್ತದೆ. ಅದು ರುದ್ರಸ್ವಾಮಿ ಮತ್ತು ಅವನ ತಮ್ಮ ರೇಣುಕಾಪ್ರಸಾದನ ಆಲೆಮನೆ. ಎಂಜಿನ್ನು ಹಚ್ಚಿ ಗಾಣಕ್ಕೆ ಕಬ್ಬು ಕೊಡುವುದು ತಮ್ಮನ ಕೆಲಸ. ಕೊಪ್ಪರಿಗೆ ಮುಂದೆ ನಿಂತು ಪಾಕದ ಹದ ನೋಡಿ ಇಳಿಸುವುದು ಅಣ್ಣನದು. ಹದ ತಪ್ಪಿ ಬೆಲ್ಲ ಕೆಟ್ಟಿತು ಅನ್ನುವ ಮಾತು ಆ ಆಲೆಮನೆಯಲ್ಲಿ ಯಾರೂ ಕೇಳಿಲ್ಲ. ಆದರೆ ಪಾಕವನ್ನು ಸರಿಯಾದ ಹೊತ್ತಿಗೆ ಇಳಿಸಬಲ್ಲ ರುದ್ರಸ್ವಾಮಿಗೆ ಮಾತನ್ನು ಸರಿಯಾದ ಹೊತ್ತಿಗೆ ಇಳಿಸುವುದು ಬರುತ್ತಿರಲಿಲ್ಲ. ಅರ್ಧ ಬೆಂದಾಗಲೇ ಇಳಿಸಿಬಿಡುತ್ತಿದ್ದ.

ಹೆಣ್ಣು ನೋಡಲು ಹೋದಾಗಲೂ ಹಾಗೇ ಆಗಿತ್ತು. ಉಪ್ಪಿಟ್ಟು ತಿಂದು ಮುಗಿಸಿ, ಹುಡುಗಿ ಒಪ್ಪಿಗೆ, ಆದರೆ, ಅಂದು ಸುಮ್ಮನಾದ. ಆ ಆದರೆ ಏನು ಎಂದು ಹೆಣ್ಣಿನ ಕಡೆಯವರು ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡರು. ಉಪ್ಪಿಟ್ಟಿಗೆ ಉಪ್ಪು ಕಮ್ಮಿಯಾಗಿದೆ ಎಂದು ಹೇಳಲು ಹೊರಟಿದ್ದನಂತೆ. ಮದುವೆ ಆಯಿತು, ಮಕ್ಕಳಾದರು. ಹೆಂಡತಿ ಮಂಗಳಾ ಮಾತ್ರ ಆ ವಿವರಣೆಯನ್ನು ಇವತ್ತಿಗೂ ನಂಬಿಲ್ಲ.

ಇಂಥ ರುದ್ರಸ್ವಾಮಿಗೆ ವೆಬ್‌ಸೈಟ್ ಬೇಕು ಅನ್ನಿಸಿದ್ದು ಒಂದು ಭಾನುವಾರ. ಮೈಸೂರಿನಿಂದ ಕಾರಿನಲ್ಲಿ ಬಂದ ಹೆಂಗಸೊಬ್ಬರು ಬಿಸಿ ಬೆಲ್ಲ ತಿಂದು ಮೆಚ್ಚಿ, ನಿಮ್ಮ ವೆಬ್‌ಸೈಟ್ ಯಾವುದು ಎಂದು ಕೇಳಿದರು. ಇಲ್ಲ ಅನ್ನಲು ಇವನಿಗೆ ನಾಚಿಕೆಯಾಯಿತು. ಸದ್ಯಕ್ಕೆ, ಅಂದ. ಸದ್ಯಕ್ಕೆ ತಯಾರಾಗುತ್ತಿದೆ ಎಂದು ಆಕೆ ಅರ್ಥ ಮಾಡಿಕೊಂಡು, ಆದಾಗ ತಿಳಿಸಿ ಎಂದು ನಂಬರು ಕೊಟ್ಟು ಹೋದರು. ಹೀಗೆ ಹೇಳದ ಮಾತೊಂದನ್ನು ಉಳಿಸಿಕೊಳ್ಳುವ ಹೊಣೆ ರುದ್ರಸ್ವಾಮಿಯ ಮೇಲೆ ಬಿತ್ತು.

ಬೆಲ್ಲದ ಅಚ್ಚಿಗೆ ಮರದ ಹಲಗೆ ಕೊಯ್ಯಿಸಲು ಅವನು ಹುಣಸೂರಿಗೆ ಹೋಗಿದ್ದಾಗ, ಗೊಬ್ಬರದಂಗಡಿಯ ಮೇಲಿನ ಮಹಡಿಯಲ್ಲಿ ಹೊಸ ಬೋರ್ಡು ಕಂಡಿತು: ಬಿಂದು ಡಿಜಿಟಲ್ ಡಿಸೈನ್ ಸ್ಟುಡಿಯೋ. ಅದರ ಯಜಮಾನ ಮಹೇಶ್‌ಕುಮಾರ್ ಮೊನ್ನೆ ಮೊನ್ನೆಯವರೆಗೆ ಅದೇ ಜಾಗದಲ್ಲಿ ಹುಟ್ಟುಹಬ್ಬದ ಫ್ಲೆಕ್ಸು ಹೊಡೆಯುತ್ತಿದ್ದವನು. ಮೈಸೂರಿನಲ್ಲಿ ಯಾವುದೋ ತರಬೇತಿಗೆ ಹೋಗಿ ಬಂದ ಮೇಲೆ ಫ್ಲೆಕ್ಸಿನ ಯಂತ್ರವನ್ನು ಮಾರಿ, ಗಿಡದ ಕುಂಡ ತಂದಿಟ್ಟು, ಚೇತನ್‌ಕುಮಾರ್ ಎಂಬ ಕಂಪ್ಯೂಟರ್ ಬಲ್ಲವನನ್ನು ಜೊತೆಗೆ ಸೇರಿಸಿಕೊಂಡಿದ್ದ. ಸ್ಟುಡಿಯೋ ಎಂಬ ಪದ ನೋಡಿ ಅಲ್ಲಿಯವರೆಗೆ ಮೆಟ್ಟಿಲು ಹತ್ತಿದವರೆಲ್ಲ ಪಾಸ್‌ಪೋರ್ಟ್ ಫೋಟೋದವರು. ಕನ್ನಡಿ ಎಲ್ಲಿ, ಬಾಚಣಿಗೆ ಎಲ್ಲಿ ಎಂದು ಕೇಳಿ, ಇಲ್ಲ ಎಂದಾಗ ಇದೆಂಥ ಸ್ಟುಡಿಯೋ ಎಂದು ಬೈದು ಇಳಿದು ಹೋಗಿದ್ದರು. ಆದ್ದರಿಂದ ರುದ್ರಸ್ವಾಮಿ ಬಂದು ವೆಬ್‌ಸೈಟ್ ಎಂದ ಕೂಡಲೇ ಮಹೇಶ್‌ಕುಮಾರ್ ಎದ್ದು ನಿಂತು ಫ್ಯಾನು ಜೋರು ಮಾಡಿದ.

ತರಬೇತಿಯಲ್ಲಿ ಅವನಿಗೆ ಎರಡು ವಿಷಯ ಮನಸ್ಸಿಗೆ ನಾಟಿದ್ದವು. ಒಂದು, ಕೆಲಸವನ್ನು ಹಂತ ಹಂತವಾಗಿ ಮಾಡಬೇಕು. ಇನ್ನೊಂದು, ಗ್ರಾಹಕ ಏನೇ ಹೇಳಲಿ, ಯಾಕೆ ಎಂದು ಕೇಳಬಾರದು, ಅದರ ಒಳಾರ್ಥ ಹುಡುಕಬೇಕು. ಮೊದಲನೇ ಹಂತ ಗ್ರಾಹಕನನ್ನು ಅರಿಯುವುದು. ಅದಕ್ಕಾಗಿ ಅವನು ಗಂಭೀರವಾಗಿ, ನಿಮ್ಮ ಬೆಲ್ಲ ಒಬ್ಬ ಮನುಷ್ಯನಾಗಿದ್ದರೆ ಹೇಗಿರುತ್ತಿತ್ತು ಎಂದು ಕೇಳಿದ.

ರುದ್ರಸ್ವಾಮಿ ಬಹಳ ಹೊತ್ತು ಯೋಚಿಸಿದ. "ನಮ್ಮವ್ವನಂಗಿರ್ತಿತ್ತು," ಅಂದ. ಅಂದರೆ ಹೇಗೆ ಎಂದು ಕೇಳಿದ್ದಕ್ಕೆ, "ಸಿಹಿ, ಆದ್ರೆ," ಅಂದು ನಿಲ್ಲಿಸಿದ.

ಚೇತನ್‌ಕುಮಾರ್ ಅದನ್ನೇ ಬರೆದುಕೊಂಡ. ಇಷ್ಟು ಒಳ್ಳೆಯ ಸಾಲನ್ನು ಯಾವ ಗ್ರಾಹಕನೂ ಕೊಡಲಾರ ಎಂದು ಮಹೇಶ್‌ಕುಮಾರನಿಗೆ ರೋಮಾಂಚನವಾಯಿತು.

ಕೆ.ಆರ್. ನಗರದಲ್ಲಿ ಬಸ್ಸು ಬದಲಾಯಿಸಿ ರುದ್ರಸ್ವಾಮಿ ಮಿರ್ಲೆಗೆ ಬಂದಿಳಿದಾಗ ಸಂಜೆ. ಟೀ ಅಂಗಡಿಯಲ್ಲಿ ಯಾರೋ, ಹುಣಸೂರಿಗೆ ಏನು ಕೆಲಸಕ್ಕೆ ಹೋಗಿದ್ದೆ ಎಂದು ಕೇಳಿದರು.

"ಒಂದು ಸೈಟು ಮಾಡಿಸ್ತಾ ಇವ್ನಿ ಕಣ," ಅಂದ ರುದ್ರಸ್ವಾಮಿ.

ಬೆಂಚಿನ ಮೇಲಿದ್ದವರೆಲ್ಲ ಸರಿದು ಅವನಿಗೆ ಜಾಗ ಬಿಟ್ಟರು. ಟೀ ಅಂಗಡಿಯವನು ಲೋಟವನ್ನು ಇನ್ನೊಂದು ಸಲ ತೊಳೆದ. ಪಟ್ಟಣದಲ್ಲಿ ಸೈಟು ಮಾಡಿದವನಿಗೆ ಸಿಗುವ ಗೌರವ ಎಂಥದ್ದು ಎಂದು ರುದ್ರಸ್ವಾಮಿಗೆ ಅವತ್ತೇ ತಿಳಿದದ್ದು. ಮುಂದಿನ ಮಾತು ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಟೀ ಬಂತು. ಟೀ ಜೊತೆ ಮಾತನ್ನೂ ನುಂಗಿಕೊಂಡ.

ಅವನು ಮನೆ ತಲುಪುವ ಮೊದಲೇ ಸುದ್ದಿ ತಲುಪಿತ್ತು. ತಾಯಿ ಶಿವನಂಜಮ್ಮ ಜಗಲಿಯ ಮೇಲೆ ಕೂತು, ಸೈಟು ಯಾವ ದಿಕ್ಕಿಗೆ ಮುಖ ಮಾಡಿದೆ ಎಂದು ಕೇಳಿದರು. ರುದ್ರಸ್ವಾಮಿ ಗಾಬರಿಯಾದ. "ಅವ್ವಾ, ಅದು ಫೋನಲ್ಲಿ," ಅಂದು ತೊದಲಿದ. ಫೋನಲ್ಲೇ ವ್ಯವಹಾರ ಕುದುರಿಸಿಬಿಟ್ಟನಲ್ಲ, ಮಗ ಜಾಣನಾದ ಎಂದುಕೊಂಡರು ತಾಯಿ. ಮಂಗಳಾ ಒಳಗಿನಿಂದ ಬಂದು ಗಂಡನನ್ನು ಹೊಸದಾಗಿ ನೋಡಿದವಳಂತೆ ನೋಡಿ, ಊಟಕ್ಕೆ ಎರಡು ಮಿಳ್ಳೆ ತುಪ್ಪ ಹೆಚ್ಚಾಗಿ ಬಿಟ್ಟಳು. ಹಸಿದವನು ತುಪ್ಪ ಬಿಟ್ಟ ಹೆಂಡತಿಯ ತಪ್ಪು ತಿದ್ದುವುದಾದರೂ ಹೇಗೆ. ಊಟವಾದ ಮೇಲೆ ಹೇಳೋಣ ಎಂದುಕೊಂಡ. ಊಟವಾದ ಮೇಲೆ ನಿದ್ದೆ ಬಂತು.

ಆ ಹೊತ್ತು ಪೂರ್ತಿ ಉಣ್ಣದೆ ಕೈ ತೊಳೆದವನು ತಮ್ಮ ರೇಣುಕಾಪ್ರಸಾದ್ ಒಬ್ಬನೇ. ಮನೆ ಇನ್ನೂ ಭಾಗವಾಗಿರಲಿಲ್ಲ. ಆಲೆಮನೆ, ಗದ್ದೆ, ಎತ್ತಿನಿಂದ ಹಿಡಿದು ಒರಳುಕಲ್ಲಿನವರೆಗೆ ಎಲ್ಲ ಇಬ್ಬರದು. ಅಂಥದ್ದರಲ್ಲಿ ಅಣ್ಣ ತನಗೆ ಒಂದು ಮಾತು ಹೇಳದೆ ಸೈಟು ಮಾಡಿದ ಅನ್ನುವುದು ಅವನ ಗಂಟಲಲ್ಲಿ ಇಳಿಯಲಿಲ್ಲ.

ಇದನ್ನು ಇನ್ನಷ್ಟು ಕೆಡಿಸಿದ್ದು ಮಹೇಶ್‌ಕುಮಾರನ ಫೋನು. ಎರಡು ದಿನ ಬಿಟ್ಟು ಬೆಳಿಗ್ಗೆ ಬಂತು. ರುದ್ರಸ್ವಾಮಿ ಸ್ನಾನಕ್ಕೆ ಹೊರಟವನು, ಕೈಯೆಲ್ಲ ಎಣ್ಣೆ. ಮಂಗಳಾ ಫೋನನ್ನು ಸ್ಪೀಕರಿಗೆ ಹಾಕಿ ಕಿಟಕಿಯ ಮೇಲಿಟ್ಟಳು.

"ಸರ್, ಒಳ್ಳೇ ಸುದ್ದಿ," ಎಂದ ಮಹೇಶ್‌ಕುಮಾರ್. "ರಿಜಿಸ್ಟ್ರೇಷನ್ ಆಯ್ತು, ನಿಮ್ಮ ಹೆಸರಲ್ಲೇ ಮಾಡಿಸಿದ್ದೀನಿ. ಜಾಗ ಸಿಂಗಾಪುರದಲ್ಲಿ ಸಿಕ್ತು. ಇನ್ನು ಕಟ್ಟೋದೊಂದೇ ಬಾಕಿ."

ವೆಬ್‌ಸೈಟು ಕೂತಿರುವ ಕಂಪ್ಯೂಟರು ಇರುವುದು ಸಿಂಗಾಪುರ ದೇಶದಲ್ಲಿ ಎಂದು ಅವನು ಹೇಳಿದ್ದು. ಆ ಮನೆಯಲ್ಲಿ ಹಾಗೆ ಕೇಳಿಸಿಕೊಂಡವರು ಯಾರೂ ಇರಲಿಲ್ಲ. ಅಣ್ಣನೊಬ್ಬನ ಹೆಸರಿನಲ್ಲೇ ರಿಜಿಸ್ಟ್ರೇಷನ್ ಎಂಬುದು ರೇಣುಕಾಪ್ರಸಾದನ ಎದೆಗೆ ಚುಚ್ಚಿತು. ಶಿವನಂಜಮ್ಮನವರಿಗೆ ಬೇರೆ ಚಿಂತೆ. ಹುಣಸೂರಿನ ಸುತ್ತ ಸಿಂಗಾಪುರ ಎಂಬುದನ್ನು ಅವರು ಕೇಳಿರಲಿಲ್ಲ. ಇದ್ದರೆ ಎಚ್.ಡಿ. ಕೋಟೆ ಕಡೆ ಕಾಡಂಚಿನಲ್ಲಿರಬೇಕು, ಅಂಥ ಕಡೆ ಆನೆ ಬರುತ್ತದೆ, ಆನೆ ತುಳಿಯುವ ಜಾಗದಲ್ಲಿ ಮಗ ಸೈಟು ತೆಗೆದುಕೊಂಡನಲ್ಲ ಎಂದು ಕೊರಗಿದರು. ರುದ್ರಸ್ವಾಮಿಯೂ ಬಚ್ಚಲಿನಲ್ಲಿ ಕೂತು ತಲೆಗೆ ನೀರು ಹುಯ್ದುಕೊಳ್ಳುತ್ತ ಯೋಚಿಸಿದ. ಫೋನಿನೊಳಗಿರುವ ಸಾಮಾನಿಗೆ ಜಾಗ ಯಾಕೆ ಬೇಕು ಎಂಬುದು ಅವನಿಗೂ ತಿಳಿಯಲಿಲ್ಲ.

ಮರುದಿನ ರೇಣುಕಾಪ್ರಸಾದ್ ಬೈಕು ಹತ್ತಿ ಕೋಟೆಗೆ ಹೋದ. ಊರೂರು ಸಿಂಗಾಪುರ ಕೇಳಿಕೊಂಡು ಕಾಡಂಚಿನ ಆದಿವಾಸಿಗಳ ಹಾಡಿಯೊಂದರವರೆಗೆ ತಲುಪಿದ. ಅಲ್ಲಿ ಕಾಳಿ ಎಂಬ ಹೆಂಗಸು ಶುಂಠಿ ಹೊಲದ ಕೂಲಿ ಮುಗಿಸಿ ಸೌದೆ ಹೊರೆ ಕಟ್ಟುತ್ತಿದ್ದಳು. ಇಲ್ಲಿ ನಮ್ಮಣ್ಣ ಸೈಟು ತಗೊಂಡವನೆ, ಎಲ್ಲಿ ಎಂದು ಅವಳನ್ನು ಕೇಳಿದ. ಕಾಳಿ ಹೊರೆ ಕೆಳಗಿಟ್ಟು ಅವನನ್ನು ಮೇಲಿನಿಂದ ಕೆಳಗೆ ನೋಡಿದಳು. ಸಿಂಗಾಪುರ ಇಲ್ಲಿಲ್ಲ ಎಂದಳು. ಇಲ್ಲಿ ಯಾರಾದರೂ ಜಾಗ ಮಾರಿದ್ದರೆ ಅದರ ಮೇಲೆ ಮೊದಲು ಆನೆ ಹಕ್ಕು, ಆಮೇಲೆ ಫಾರೆಸ್ಟಿನವರದು, ಅದಾದ ಮೇಲೆ ನಾವು ಕೇಳುತ್ತ ಬಂದಿದ್ದೀವಿ, ನಿಮ್ಮಣ್ಣ ನಮ್ಮ ಹಿಂದೆ ನಿಲ್ಲಬೇಕಾಗುತ್ತದೆ ಎಂದಳು. ಕುಡಿಯಲು ನೀರು ಕೊಟ್ಟು, ಕತ್ತಲಾಗುವುದರೊಳಗೆ ದಾಟಿಕೋ ಎಂದು ಕಳಿಸಿದಳು.

ಊರಿನವರಿಗೇ ಗೊತ್ತಾಗದ ಹಾಗೆ ಜಾಗ ಮುಚ್ಚಿಟ್ಟಿದ್ದಾನೆ ಎಂದರೆ ಅಣ್ಣ ಎಷ್ಟು ಆಳದವನು ಎಂದು ರೇಣುಕಾಪ್ರಸಾದ್ ದಾರಿಯುದ್ದಕ್ಕೂ ಕುದ್ದ. ಬೆಳಿಗ್ಗೆ ಗಾಣದ ಎಂಜಿನ್ನು ಹಚ್ಚಲಿಲ್ಲ. ಜ್ವರ ಎಂದು ಕಂಬಳಿ ಹೊದ್ದು ಮಲಗಿದ. ಕಡಿದ ಕಬ್ಬು ಗಾಡಿಯಲ್ಲೇ ಒಣಗತೊಡಗಿತು.

ಅತ್ತ ಸ್ಟುಡಿಯೋದಲ್ಲಿ ಎರಡನೇ ಹಂತ ಮುಗಿದಿತ್ತು. ವೆಬ್‌ಸೈಟಿನಲ್ಲಿ ಏನು ಎಲ್ಲಿ ಬರಬೇಕು ಎಂದು ಚೇತನ್‌ಕುಮಾರ್ ಚೌಕ ಚೌಕವಾಗಿ ಗೆರೆ ಎಳೆದ ನಕ್ಷೆಯನ್ನು ಮುದ್ರಿಸಿ ಕೊಟ್ಟ. ಮೇಲೆ ದೊಡ್ಡ ಚೌಕ, ಅದರಲ್ಲಿ ಹೋಮ್ ಎಂದು ಬರೆದಿತ್ತು. ಪಕ್ಕದಲ್ಲಿ ಸಣ್ಣ ಚೌಕಗಳು. ಎಲ್ಲಕ್ಕಿಂತ ಕೆಳಗೆ ಉದ್ದಕ್ಕೆ ತೆಳ್ಳಗಿನ ಒಂದು ಪಟ್ಟಿ, ಅದರ ಹೆಸರು ಫೂಟರ್. ಮನೆಯವರಿಗೆಲ್ಲ ತೋರಿಸಿ ಅಭಿಪ್ರಾಯ ತನ್ನಿ ಎಂದು ಮಹೇಶ್‌ಕುಮಾರ್ ಹೇಳಿದ. ರುದ್ರಸ್ವಾಮಿ ಅದನ್ನು ಮನೆಗೆ ತಂದು ಗೋಡೆಯ ಗೂಡಿನಲ್ಲಿಟ್ಟ. ತೋರಿಸುವ ಅಗತ್ಯವೇ ಬೀಳಲಿಲ್ಲ. ಅವನು ಆಲೆಮನೆಗೆ ಹೋಗಿ ಬರುವಷ್ಟರಲ್ಲಿ ಶಿವನಂಜಮ್ಮನವರು ಊರಿನ ಗಾರೆ ಕೆಲಸದ ಮೇಸ್ತ್ರಿ ರಘುವನ್ನು ಕರೆಸಿ ನಕ್ಷೆಯನ್ನು ಅವನ ಮುಂದೆ ಹರಡಿದ್ದರು.

ರಘು ನಕ್ಷೆಯನ್ನು ತಿರುಗಿಸಿ ನೋಡಿದ, ಮಗುಚಿ ನೋಡಿದ. ಹಾಲ್ ಪರವಾಗಿಲ್ಲ, ದೊಡ್ಡದಾಗಿದೆ ಎಂದ. ಬಚ್ಚಲು ಕಾಣುತ್ತಿಲ್ಲ ಎಂದ. ಈಶಾನ್ಯದಲ್ಲಿ ಭಾರ ಬಂದಿದೆ ಎಂದ. ಕೊನೆಗೆ ಕೆಳಗಿನ ಪಟ್ಟಿಯ ಮೇಲೆ ಬೆರಳಿಟ್ಟು ತಲೆ ಅಲ್ಲಾಡಿಸಿದ.

"ಅಮ್ಮಾವ್ರೇ, ಫೂಟಿಂಗು ಏನೂ ಸಾಲ್ದು ಕಣ್ರೀ. ಇಷ್ಟು ತೆಳ್ಳಗೆ ಪಾಯ ಆಕುದ್ರೆ ಒಂದೇ ಮಳೆಗೆ ಕೂತ್ಕತದೆ."

ಇದನ್ನು ಕೇಳಿ ಪಿರಿಯಾಪಟ್ಟಣಕ್ಕೆ ಕೊಟ್ಟಿದ್ದ ರುದ್ರಸ್ವಾಮಿಯ ತಂಗಿ ಪುಟ್ಟಿಗೆ ಫೋನು ಹೋಯಿತು. ಪುಟ್ಟಿ ಎರಡು ಸೀರೆ ಚೀಲಕ್ಕೆ ತುರುಕಿಕೊಂಡು ಮಧ್ಯಾಹ್ನದ ಬಸ್ಸಿಗೇ ಬಂದಳು. ಹೆಣ್ಣುಮಕ್ಕಳಿಗೂ ಪಾಲಿದೆ ಎಂದು ಈಗ ಕಾನೂನೇ ಇದೆ, ತನಗೆ ಜಾಗ ಬೇಡ, ಬಂದಾಗ ಚೀಲ ಇಡುವುದಕ್ಕೆ ಒಂದು ಕೋಣೆ ಸಾಕು ಎಂದಳು. ಶಿವನಂಜಮ್ಮನವರು ತಮಗೆ ಬೀದಿ ಕಾಣುವ ಹಾಗೆ ಮುಂಭಾಗದಲ್ಲೇ ಕೂರಲು ಜಾಗ ಬೇಕು ಎಂದರು. ಮಂಗಳಾ ಮನೆ ತುಂಬ ಬೆಳಕು ಬೇಕು ಎಂದಳು. ರೇಣುಕಾಪ್ರಸಾದ್ ಕಂಬಳಿಯ ಒಳಗಿನಿಂದಲೇ, ತನಗೇನೂ ಬೇಡ, ಎಲ್ಲದರಲ್ಲೂ ತನ್ನ ಹೆಸರು ಅಣ್ಣನ ಹೆಸರಿನ ಸಮಕ್ಕೆ ಬರಬೇಕು ಎಂದ.

ರುದ್ರಸ್ವಾಮಿ ನಡುವೆ ನಿಂತು, ನೋಡಿ, ಅದು ಮನೆಯಲ್ಲ, ಅದು ಬೆಲ್ಲದ, ಎಂದು ಶುರುಮಾಡಿದ. ಬೆಲ್ಲದ ದುಡಿಮೆಯಿಂದಲೇ ಬಂದದ್ದು, ಅದಕ್ಕೇ ಎಲ್ಲರೂ ಕೇಳುತ್ತಿರುವುದು ಎಂದು ಪುಟ್ಟಿ ಅವನ ಮಾತನ್ನು ಅವನಿಗಿಂತ ಚೆನ್ನಾಗಿ ಮುಗಿಸಿಕೊಟ್ಟಳು.

ಇಷ್ಟರ ಮೇಲೆ ಮೂರ್ತಿ ಬಂದರು. ಮೂರ್ತಿ ಒಂದು ಸರ್ಕಾರಿ ಕಚೇರಿಯಲ್ಲಿ ಕೆಲಸದಲ್ಲಿದ್ದರು. ಯಾವ ಕಚೇರಿ, ಎಂಥ ಕೆಲಸ ಎಂದು ಸರಿಯಾಗಿ ಬಲ್ಲವರು ಇರಲಿಲ್ಲ. ಯಾರ ಮನೆಯಲ್ಲಿ ಏನು ವಿಶೇಷ ನಡೆದರೂ ಅದರ ಕಾಗದ ತಮ್ಮ ಕೈ ದಾಟಿಯೇ ಹೋದದ್ದು ಎಂದು ಹೇಳುವುದು ಅವರ ಪದ್ಧತಿ. ಗೊತ್ತಿಲ್ಲ ಎಂಬ ಮಾತನ್ನು ಅವರು ನೌಕರಿಗೆ ಸೇರಿದ ದಿನವೇ ಬಿಟ್ಟಿದ್ದರು. ಜಗಲಿಯ ಮೇಲೆ ಕೂತು, ಬೆಲ್ಲದ ಕಾಫಿ ಕುಡಿದು, ರುದ್ರಸ್ವಾಮಿಯ ಹೆಗಲ ಮೇಲೆ ಕೈ ಹಾಕಿದರು.

"ನಿಮ್ಮ ಸೈಟಿನ ಫೈಲು ನನ್ನ ಟೇಬಲ್ ಮೇಲೇ ಐತೆ ಕಣ್ರೀ," ಎಂದರು. "ನಾನೇ ನೋಡಿದೆ. ಒಳ್ಳೇ ಜಾಗ, ಮೂಲೆ ಸೈಟು. ನೀವು ತಲೆ ಕೆಡಿಸ್ಕೋಬೇಡಿ."

ರುದ್ರಸ್ವಾಮಿಗೆ ನಿಜವಾಗಿ ತಲೆ ಕೆಟ್ಟದ್ದು ಆಗ. ಸರ್ಕಾರದವರೇ ಕಣ್ಣಾರೆ ಕಂಡಿದ್ದಾರೆ, ಅದೂ ಮೂಲೆ ಸೈಟು. ಹಾಗಾದರೆ ತಾನು ಮಾಡಿಸುತ್ತಿರುವುದು ಏನು. ಮಹೇಶ್‌ಕುಮಾರ್ ಫೋನಿಗೆ ಒಂದನ್ನು ಮಾಡಿಕೊಟ್ಟು, ಅದರ ಜೊತೆಗೆ ನೆಲದ ಮೇಲೂ ಒಂದನ್ನು ಕೊಡುವ ಪದ್ಧತಿ ಏನಾದರೂ ಇದೆಯೋ. ಕೇಳಿದರೆ ಅವನು ನಕ್ಕಾನು. ಕೇಳದಿದ್ದರೆ ಮನೆ ಒಡೆದೀತು. ಕೊಪ್ಪರಿಗೆಯ ಮುಂದೆ ನಿಂತರೆ ಪಾಕ ನೋಡುವ ಬದಲು ಸಿಂಗಾಪುರ ಯೋಚಿಸುವ ಹಾಗಾಯಿತು. ಕುದಿಸಲು ಹಾಲೂ ಇರಲಿಲ್ಲ ಅನ್ನಿ, ತಮ್ಮ ಕಂಬಳಿಯಿಂದ ಎದ್ದರೆ ತಾನೇ ಕಬ್ಬಿನ ಹಾಲು.

ಕೊನೆಗೆ ಅವನು ಮಾಡಿದ್ದಿಷ್ಟು. ಮಹೇಶ್‌ಕುಮಾರನಿಗೆ ಫೋನು ಮಾಡಿ, ಮನೆಯವರು ಹೇಳಿದ್ದನ್ನೆಲ್ಲ ಹೇಳಿದ ಹಾಗೇ ಒಪ್ಪಿಸಿಬಿಟ್ಟ. ಅವ್ವನಿಗೆ ಮುಂದೆ ಜಾಗ ಬೇಕು. ತಂಗಿಗೆ ಒಂದು ಕೋಣೆ. ಹೆಂಡತಿಗೆ ಬೆಳಕು. ಈಶಾನ್ಯದ ಭಾರ ಇಳಿಯಬೇಕು, ಬಚ್ಚಲು ಬೇಕು, ಪಾಯ ಗಟ್ಟಿಯಾಗಬೇಕು. ತಮ್ಮನ ಹೆಸರು ನನ್ನ ಸಮಕ್ಕೆ ಬರಬೇಕು.

ಮಹೇಶ್‌ಕುಮಾರ್ ಯಾಕೆ ಎಂದು ಕೇಳಲಿಲ್ಲ. ತರಬೇತಿ ಹಾಗಿತ್ತು. ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಇಷ್ಟು ಆಳವಾಗಿ ಯೋಚಿಸುವ ಗ್ರಾಹಕ ಹುಣಸೂರಿನಲ್ಲಿ ಯಾರಿಗೂ ಸಿಕ್ಕಿರಲಿಕ್ಕಿಲ್ಲ ಎಂದು ಚೇತನ್‌ಕುಮಾರನಿಗೆ ಹೇಳಿದ. ಇಬ್ಬರೂ ಒಳಾರ್ಥ ಹುಡುಕಲು ಕೂತರು. ಅವ್ವನಿಗೆ ಮುಂದೆ ಜಾಗ ಅಂದರೆ ತೆರೆದ ಕೂಡಲೇ ಅವ್ವನ ಫೋಟೋ ಕಾಣಬೇಕು. ಸಿಹಿ ಆದರೆ ಎಂಬ ಸಾಲು ಅದರ ಕೆಳಗೇ ಬರಲಿ. ಬೆಳಕು ಅಂದರೆ ಹಿನ್ನೆಲೆ ಬಿಳಿ. ತಂಗಿಯ ಕೋಣೆ ಅಂದರೆ ಪಿರಿಯಾಪಟ್ಟಣದಲ್ಲಿ ಒಂದು ಶಾಖೆ ತೆರೆಯುವ ಯೋಚನೆ ಇರಬೇಕು, ಅದಕ್ಕೊಂದು ಪುಟ. ಈಶಾನ್ಯದ ಭಾರ ಅಂದರೆ ಬಲಮೇಲಿನ ಮೂಲೆಯ ದೊಡ್ಡ ಲಾಂಛನ, ಅದನ್ನು ಎಡಕ್ಕೆ ತಂದರು. ಪಾಯಕ್ಕೆ ಫೋನು ನಂಬರು, ವಿಳಾಸ, ದಾರಿ ಎಲ್ಲ ತುಂಬಿ ದಪ್ಪ ಮಾಡಿದರು. ಬಚ್ಚಲ ಬಳಿ ಮಾತ್ರ ಬಹಳ ಹೊತ್ತು ಸಿಕ್ಕಿಕೊಂಡರು. ಕೊನೆಗೆ ಚೇತನ್‌ಕುಮಾರ್, ನಮ್ಮ ಬೆಲ್ಲ ಎಷ್ಟು ಶುಚಿ ಎಂದು ಒಂದು ಪುಟ ಬರೆಯೋಣ ಎಂದ. ಮಹೇಶ್‌ಕುಮಾರ್ ಎದ್ದು ಅವನ ಕೈ ಕುಲುಕಿದ.

ಫೋಟೋ ತೆಗೆಯಲು ಚೇತನ್‌ಕುಮಾರ್ ಒಮ್ಮೆ ಮಿರ್ಲೆಗೂ ಬಂದು ಹೋದ. ಶಿವನಂಜಮ್ಮನವರು ಅದು ಸೈಟಿನ ಕಾಗದಪತ್ರಕ್ಕೆ ಎಂದುಕೊಂಡು ಒಡವೆ ಹಾಕಿಕೊಂಡು ಕೂತರು. ರೇಣುಕಾಪ್ರಸಾದನೂ ಸರ್ಕಾರದ ದಾಖಲೆ ತಪ್ಪಿಹೋಗಬಾರದೆಂದು ಕಂಬಳಿ ಸರಿಸಿ ಎದ್ದು, ಅಣ್ಣನ ಪಕ್ಕದಲ್ಲಿ, ಅಣ್ಣನಿಗೆ ತಾಗದ ಹಾಗೆ ನಿಂತ.

ಕೊನೆಯ ಹಂತ ಉದ್ಘಾಟನೆ. ಮನೆಯವರೆಲ್ಲ ಬನ್ನಿ, ಒಂದು ಒಳ್ಳೆಯ ದಿನ ನೋಡಿ ತೆರೆಯೋಣ ಎಂದು ಮಹೇಶ್‌ಕುಮಾರ್ ಹೇಳಿದ. ಒಳ್ಳೆಯ ದಿನ ಎಂಬ ಮಾತು ಸಾಕಾಯಿತು. ಶಿವನಂಜಮ್ಮನವರು, ಪಟ್ಟಣದವರು ಮನೆ ಬೇಗ ಕಟ್ಟುತ್ತಾರೆ ಎಂದುಕೊಂಡು, ಗೃಹಪ್ರವೇಶಕ್ಕೆ ಮುಹೂರ್ತ ಕೇಳಿಸಿದರು, ಹಾಲುಕ್ಕಿಸುವ ಪಾತ್ರೆ ಬೆಳಗಿಸಿದರು, ಹೊಸ ಮನೆಗೆ ಮೊದಲು ಹಸು ನುಗ್ಗಬೇಕು, ಅದೂ ಮನೆಯ ಹಸುವೇ ಆಗಬೇಕು ಎಂದರು. ಮನೆಯ ಹಸು ರೇಣುಕಾಪ್ರಸಾದನ ಮಾತು ಬಿಟ್ಟರೆ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅವನು ಅಣ್ಣನ ಮುಖ ನೋಡುವುದಿಲ್ಲ ಎಂದು ಹಠ ಹಿಡಿದಿದ್ದವನು, ತಾಯಿಯ ಮಾತಿಗೆ ಕಟ್ಟುಬಿದ್ದು ಹಸುವಿನ ಸಲುವಾಗಿ ಬರಲು ಒಪ್ಪಿದ. ಸಮ ಪಾಲು ಬರೆದುಕೊಡದಿದ್ದರೆ ಅಲ್ಲೇ ನಾಲ್ಕು ಜನರ ಮುಂದೆ ಕೇಳುತ್ತೇನೆ ಎಂದು ಪುಟ್ಟಿಯ ಬಳಿ ಹೇಳಿದ್ದ.

ಅವತ್ತು ಬೆಳಿಗ್ಗೆ ಒಂದು ಗೂಡ್ಸ್ ಆಟೋದಲ್ಲಿ ಹಸು ಮತ್ತು ತಮ್ಮ, ಇನ್ನೊಂದರಲ್ಲಿ ಉಳಿದವರೆಲ್ಲ ಹೊರಟರು. ಮೇಸ್ತ್ರಿ ರಘು ಪಾಯ ನೋಡಲು ಬಂದಿದ್ದ. ಮೂರ್ತಿಯವರೂ ಬಂದಿದ್ದರು. ಇಂಥ ಕಡೆ ಅವರಿಲ್ಲದೆ ಊಟ ಬಡಿಸುವ ರೂಢಿಯಿಲ್ಲ. ಕಟ್ಟೆಮಳಲವಾಡಿ ದಾಟುವಾಗ ರುದ್ರಸ್ವಾಮಿ ಹಸುವಿನ ಗಾಡಿಯ ಕಡೆ ತಿರುಗಿ ನೋಡಿದ. ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದೇನೆ ಎಂದು ಅವನಿಗೇ ಸ್ಪಷ್ಟವಿರಲಿಲ್ಲ. ಗಾಡಿ ನಿಲ್ಲಿಸಿ ಹೇಳಿಬಿಡೋಣ ಎಂದುಕೊಂಡು ಡ್ರೈವರನಿಗೆ, ಸ್ವಲ್ಪ, ಅಂದ. ಡ್ರೈವರು ಸ್ವಲ್ಪ ಜೋರಾಗಿ ಓಡಿಸಿದ.

ಗೊಬ್ಬರದಂಗಡಿಯ ಮುಂದೆ ಗಾಡಿಗಳು ನಿಂತವು. ಶಿವನಂಜಮ್ಮನವರು ಕಟ್ಟಡವನ್ನು ಕಣ್ಣು ಸಣ್ಣ ಮಾಡಿ ನೋಡಿ, ಕಟ್ಟಿಯೇ ಬಿಟ್ಟಿದ್ದಾರಲ್ಲ, ಮಹಡಿ ಬೇರೆ ಎಂದು ಕೈ ಮುಗಿದರು. ರಘು ಗೋಡೆಯನ್ನು ಬೆರಳಿನಿಂದ ತಟ್ಟಿ ಪರವಾಗಿಲ್ಲ ಎಂದ. ಯಾರಾದರೂ ತಡೆಯುವಷ್ಟರೊಳಗೆ ರೇಣುಕಾಪ್ರಸಾದ್ ಹಸುವಿನ ಹಗ್ಗ ಹಿಡಿದು ಮೆಟ್ಟಿಲು ಹತ್ತಿಸಿಬಿಟ್ಟ. ಹಸು ಮಿರ್ಲೆಯಲ್ಲಿ ಕೆರೆಯ ಮೆಟ್ಟಿಲು ಹತ್ತುವ ಹಾಗೆ ಗಂಭೀರವಾಗಿ ಹತ್ತಿತು.

ಮೇಲೆ ಮಹೇಶ್‌ಕುಮಾರ್ ಹೊಸ ಅಂಗಿ ತೊಟ್ಟು, ದೊಡ್ಡ ಪರದೆಗೆ ರಿಬ್ಬನ್ನು ಕಟ್ಟಿ, ಕೈಯಲ್ಲಿ ಕತ್ತರಿ ಹಿಡಿದು ಕಾದಿದ್ದ. ಬಾಗಿಲು ತೆರೆದಾಗ ಮೊದಲು ಕಂಡದ್ದು ಹಸುವಿನ ಮುಖ. ಅವನು ತರಬೇತಿಯಲ್ಲಿ ಕಲಿತದ್ದರಲ್ಲೆಲ್ಲ ಹುಡುಕಿದ. ಇದು ಇರಲಿಲ್ಲ. ಆದರೂ ಗ್ರಾಹಕನನ್ನು ಯಾಕೆ ಎಂದು ಕೇಳಬಾರದಲ್ಲ, ಆದ್ದರಿಂದ ಪಕ್ಕಕ್ಕೆ ಸರಿದು, ಬನ್ನಿ ಎಂದ. ಹಸು ಒಳಗೆ ಬಂದು ಕುಂಡದಲ್ಲಿದ್ದ ಗಿಡವನ್ನು ತಿನ್ನತೊಡಗಿತು.

ಎಲ್ಲರೂ ಒಳಗೆ ತುಂಬಿಕೊಂಡರು. ಶಿವನಂಜಮ್ಮನವರು ಅಡುಗೆಮನೆ ಎಲ್ಲಿ ಎಂದು ಕೇಳಿದರು. ರಘು ಬಚ್ಚಲು ಹುಡುಕಿದ. ಪುಟ್ಟಿ ಚೀಲ ಹಿಡಿದು ತನ್ನ ಕೋಣೆ ಯಾವುದು ಎಂದಳು. ರೇಣುಕಾಪ್ರಸಾದ್ ಗಂಟಲು ಸರಿಮಾಡಿಕೊಂಡು, ಎಲ್ಲರೂ ಇದ್ದೀರಿ, ಇವತ್ತು ಇತ್ಯರ್ಥ ಆಗಲಿ ಎಂದ. ಏನೂ ಅರ್ಥವಾಗದ ಮಹೇಶ್‌ಕುಮಾರ್, ಆಗಲಿ ಆಗಲಿ ಎಂದು ರಿಬ್ಬನ್ನು ಕತ್ತರಿಸಿದ. ಚೇತನ್‌ಕುಮಾರ್ ಗುಂಡಿ ಒತ್ತಿದ.

ಪರದೆಯ ತುಂಬ ಬೆಳಕು. ನಡುವೆ ಒಡವೆ ಹಾಕಿ ಕೂತ ಶಿವನಂಜಮ್ಮ. ಕೆಳಗೆ ದಪ್ಪಕ್ಷರದಲ್ಲಿ, ನಮ್ಮವ್ವನಂಥ ಬೆಲ್ಲ, ಸಿಹಿ, ಆದರೆ.

ಹಸು ಎಲೆ ಅಗಿಯುವುದು ಮಾತ್ರ ಕೇಳುತ್ತಿತ್ತು.

"ಇದೇ ಕಣವ್ವ ಸೈಟು," ಅಂದ ರುದ್ರಸ್ವಾಮಿ. "ನೆಲದಲ್ಲಿಲ್ಲ. ಫೋನಲ್ಲಿರ್ತದೆ. ಬೆಲ್ಲ ಮಾರಕ್ಕೆ. ನಾನು ಮೊದ್ಲೇ ಯೋಳ್ಬೇಕಾಗಿತ್ತು."

ಪುಟ್ಟಿ ಚೀಲ ಕೆಳಗಿಟ್ಟು ಕೂತಳು. ಮಂಗಳಾ ಗಂಡನನ್ನು ನೋಡಿದ ನೋಟದಲ್ಲಿ ಅಷ್ಟು ದಿನ ಬಡಿಸಿದ ತುಪ್ಪವೆಲ್ಲ ವಾಪಸು ಕೇಳುವ ಹಾಗಿತ್ತು. ಮೂಲೆ ಸೈಟಿನ ಫೈಲು ಎಲ್ಲಿ ಹೋಯಿತು ಎಂದು ರಘು ಮೂರ್ತಿಯವರನ್ನು ಕೇಳಿದ. ಅದು ಇನ್ನೊಬ್ಬ ರುದ್ರಸ್ವಾಮಿಯದು, ಭೇರ್ಯದವನದು ಎಂದು ಮೂರ್ತಿ ಎಳ್ಳಷ್ಟೂ ಅಳುಕದೆ ಹೇಳಿ, ಊಟ ಎಷ್ಟು ಹೊತ್ತಿಗೆ ಎಂದು ವಿಚಾರಿಸಿದರು.

ರೇಣುಕಾಪ್ರಸಾದ್ ಮಾತ್ರ ಪರದೆ ಬಿಟ್ಟು ಕದಲಲಿಲ್ಲ. ಚೇತನ್‌ಕುಮಾರ್ ಪುಟವನ್ನು ಮೆಲ್ಲಗೆ ಮೇಲಕ್ಕೆ ಸರಿಸುತ್ತಿದ್ದ. ತಾಯಿಯ ಫೋಟೋ ದಾಟಿದ ಮೇಲೆ ಅಣ್ಣ ತಮ್ಮ ಇಬ್ಬರೂ ನಿಂತ ಫೋಟೋ ಬಂತು. ಅದರ ಕೆಳಗೆ, ಯಜಮಾನರು, ರುದ್ರಸ್ವಾಮಿ ಮತ್ತು ರೇಣುಕಾಪ್ರಸಾದ್, ಸಮ ಪಾಲು, ಎಂದು ಒಂದೇ ಅಳತೆಯ ಅಕ್ಷರದಲ್ಲಿ ಬರೆದಿತ್ತು. ಅವನು ಅದನ್ನು ತುಟಿ ಅಲ್ಲಾಡಿಸುತ್ತ ಓದಿದ. ಇದನ್ನು ಬರೆಸಿದ್ದು ಯಾರು ಎಂದು ಕೇಳಿದ. ನಿಮ್ಮಣ್ಣ ಫೋನಿನಲ್ಲಿ ಖುದ್ದಾಗಿ ಹೇಳಿದ್ದು ಎಂದ ಮಹೇಶ್‌ಕುಮಾರ್. ಇದನ್ನು ಎಲ್ಲೆಲ್ಲಿ ಜನ ನೋಡುತ್ತಾರೆ ಎಂದು ಕೇಳಿದ. ಲೋಕದಲ್ಲಿ ಫೋನು ಇರುವ ಕಡೆಯೆಲ್ಲ ಎಂದು ಉತ್ತರ ಬಂತು. ಜಗಳ ತೆಗೆಯಬೇಕೆಂದು ಬಂದವನಿಗೆ ಎಲ್ಲಿಂದ ಶುರುಮಾಡಬೇಕೆಂದು ತಿಳಿಯದೆ, ಹಸುವಿನ ಬೆನ್ನು ಸವರುತ್ತ ನಿಂತ.

ತಂದ ಹಾಲನ್ನು ವ್ಯರ್ಥ ಮಾಡಬಾರದೆಂದು ಶಿವನಂಜಮ್ಮನವರು ಸ್ಟುಡಿಯೋದ ಟೀ ಒಲೆಯ ಮೇಲೆ, ಪರದೆಯ ದಿಕ್ಕಿಗೆ ಮುಖ ಮಾಡಿ ಉಕ್ಕಿಸಿದರು. ಸಿಂಗಾಪುರಕ್ಕೂ ಸೇರಲಿ ಎಂದು ಎರಡು ಹನಿ ನೆಲಕ್ಕೆ ಬಿಟ್ಟರು.

ಆಮೇಲೆ ಹೊರಡುವ ಹೊತ್ತಿಗೆ ಹಸು ಇಳಿಯಲು ಒಪ್ಪಲಿಲ್ಲ. ಹತ್ತುವುದು ಬೇರೆ, ಇಳಿಯುವುದು ಬೇರೆ ಎಂಬುದು ಹಸುಗಳ ಅಭಿಪ್ರಾಯ. ಮೆಟ್ಟಿಲ ತುದಿಗೆ ಬಂದು ಕೆಳಗೆ ನೋಡಿ ನಾಲ್ಕೂ ಕಾಲು ನೆಟ್ಟು ನಿಂತಿತು. ರೇಣುಕಾಪ್ರಸಾದ್ ಮುದ್ದು ಮಾಡಿದ, ಗದರಿದ. ಗೊಬ್ಬರದಂಗಡಿಯ ಮುಂದೆ ಜನ ಸೇರಿದರು, ಬಸ್ಸು ನಿಧಾನವಾಯಿತು. ರಘು ಮೆಟ್ಟಿಲಿನ ಮೇಲೆ ಹಲಗೆ ಹಾಕೋಣ ಎಂದ. ರುದ್ರಸ್ವಾಮಿ ಅಚ್ಚಿಗೆಂದು ಕೊಯ್ಯಲು ಕೊಟ್ಟಿದ್ದ ಮರದಂಗಡಿಗೆ ಓಡಿ ಹಲಗೆ ತಂದ. ಹಲಗೆಯ ಮೇಲೆ ಗೋಣಿಚೀಲ ಹಾಸಿದರು. ಹಸುವಿನ ಮುಂದೆ ತಮ್ಮ, ಹಿಂದೆ ಅಣ್ಣ. ಪಕ್ಕದಲ್ಲಿ ಹೊಸ ಅಂಗಿಯ ಮಹೇಶ್‌ಕುಮಾರ್ ಗೋಡೆಗೆ ಒತ್ತಿಕೊಂಡು.

"ಅಣ್ಣ, ಬಾಲ ಬುಟ್ಟು ಸೊಂಟ ಇಡ್ಕೊ," ಎಂದ ರೇಣುಕಾಪ್ರಸಾದ್. ಕಂಬಳಿ ಹೊದ್ದಾಗಿನಿಂದ ಅವನು ಅಣ್ಣನ ಜೊತೆ ಆಡಿದ ಮೊದಲ ಮಾತು ಅದು.

"ಇಡ್ಕೊಂಡಿವ್ನಿ, ನೀನು ಮೆತ್ತಗೆ ಇಳೀಲಾ," ಎಂದ ಅಣ್ಣ.

ಹೆಜ್ಜೆ ಹೆಜ್ಜೆಗೂ ಹೀಗೆ ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಹಸುವನ್ನು ಕೆಳಗಿಳಿಸಿದರು. ಬೆವರು ಒರೆಸಿಕೊಳ್ಳುವಾಗ ರೇಣುಕಾಪ್ರಸಾದ್, ಗಾಡಿಯಲ್ಲಿರುವ ಕಬ್ಬು ಪೂರ್ತಿ ಹಾಳಾಗಿಲ್ಲ, ನಾಳೆ ಬೆಳಿಗ್ಗೆ ಎಂಜಿನ್ನು ಹಚ್ಚುತ್ತೇನೆ ಎಂದ. ರುದ್ರಸ್ವಾಮಿ ತಲೆಯಾಡಿಸಿದ. ಇಬ್ಬರೂ ಹಸುವಿನ ಗಾಡಿಯನ್ನೇ ಹತ್ತಿ, ಅದರ ಎರಡು ಪಕ್ಕ ನಿಂತು ಊರಿಗೆ ಹೋದರು.

ಸ್ಟುಡಿಯೋದಲ್ಲಿ ಮಹೇಶ್‌ಕುಮಾರ್ ಸಗಣಿ ತೆಗೆದು, ನೆಲ ಒರೆಸಿ, ಬೋಳಾದ ಕುಂಡವನ್ನು ಕಿಟಕಿಯ ಹೊರಗಿಟ್ಟ. ಗೋಡೆಯ ಮೇಲಿನ ಬಿಳಿ ಹಲಗೆಯಲ್ಲಿ ಮಿರ್ಲೆ ಬೆಲ್ಲ ಎಂಬುದರ ಮುಂದೆ, ಕೆಲಸ ಪೂರ್ಣ, ಎಂದು ದೊಡ್ಡದಾಗಿ ಬರೆದು, ದೂರ ನಿಂತು ನೋಡಿ ಸಂತೋಷಪಟ್ಟ. ಚೇತನ್‌ಕುಮಾರ್ ಕಂಪ್ಯೂಟರು ಆರಿಸಿ ಚಪ್ಪಲಿ ಮೆಟ್ಟಿಕೊಂಡ. ಆಗ ಫೋನು ಬಂತು. ಇನ್ನೊಬ್ಬ ಗಿರಾಕಿ ಎಂದುಕೊಂಡು ಮಹೇಶ್‌ಕುಮಾರ್ ಧ್ವನಿ ಸರಿಮಾಡಿಕೊಂಡು ಎತ್ತಿದ.

ಶಿವನಂಜಮ್ಮನವರು.

"ಎಲ್ಲ ಸರಿಯಾಗೈತೆ ಕಣಪ್ಪ," ಎಂದರು. "ಆ ಆಲೆಮನೆ ಕಟ್ಟಿದ್ದು ನಮ್ಮ ಯಜಮಾನ್ರು. ಈಗ ಅವ್ರಿಲ್ಲ, ಅದು ಬೇರೆ ಮಾತು. ನನ್ನೊಬ್ಬಳನ್ನೇ ಅಷ್ಟು ದೊಡ್ಡದಾಗಿ ಕೂರಿಸಿದ್ದೀಯಲ್ಲ, ಅವ್ರನ್ನ ಎಲ್ಲಿ ಬುಟ್ಟೆ? ಒಂದು ಫೋಟೋ ಐತೆ, ಸ್ವಲ್ಪ ಸಿಟ್ಟಲ್ಲವ್ರೆ, ಪರವಾಗಿಲ್ಲ. ನನ್ನ ಪಕ್ಕಕ್ಕೆ ಸರಿಸಿ ಜಾಗ ಮಾಡ್ಕೊಡು."

ಮಹೇಶ್‌ಕುಮಾರ್ ಆಗಲಿ ಅಮ್ಮಾ ಎಂದ. ಚೇತನ್‌ಕುಮಾರ್ ಏನೂ ಕೇಳದೆ ಚಪ್ಪಲಿ ಬಿಟ್ಟು ಬಂದು, ಕಂಪ್ಯೂಟರಿನ ಮುಂದೆ ಮತ್ತೆ ಕೂತ. ಮಹೇಶ್‌ಕುಮಾರ್ ಬಿಳಿ ಹಲಗೆಯ ಬಳಿ ಹೋಗಿ, ಕೆಲಸ ಎಂಬುದನ್ನು ಹಾಗೇ ಬಿಟ್ಟು, ಮುಂದಿನ ಪದವನ್ನು ಅಂಗಿಯ ತೋಳಿನಿಂದ ಒರೆಸಿದ.